ಬೊಂಜೂರು ಗುಡ್ಡದ ಏಳು ಅಕ್ಷರ

ಹಿರಿಯೂರಿನಿಂದ ಮೂಡಲಿಗೆ ಒಂದು ಗಂಟೆ ಬಸ್ಸಿನಲ್ಲಿ ಕುಲುಕಾಡಿ, ಒಂಟಿ ಜಾಲಿಮರದ ಹತ್ತಿರ ಇಳಿದು, ಕತ್ತು ಹಿಂದಕ್ಕೆ ಮಡಚಿ ನೋಡಿದರೆ ಮೇಲೆ ಕಾಣೋದೇ ಬೊಂಜೂರು. ನಲವತ್ತೇ ಮನೆ. ಎಲ್ಲಾ ಕಲ್ಲಿನ ಮನೆಗಳು, ಎಲ್ಲಾ ಗುಡ್ಡದ ನೆತ್ತಿಯ ಮೇಲೆ, ಚಳಿಗೆ ಕುರಿಗಳು ಒತ್ತಿಕೊಂಡು ನಿಂತ ಹಾಗೆ ನಿಂತಿವೆ. ಹತ್ತೋಕೆ ಮುನ್ನೂರ ಅರವತ್ತು ಮೆಟ್ಟಿಲು. ಅಧಿಕಮಾಸ ಬಂದ ವರ್ಷ ಇನ್ನೂ ಮೂವತ್ತು ಜಾಸ್ತಿಯಾಗುತ್ತೆ ಅಂತಾರೆ, ಹತ್ತಿ ನೋಡಿದವರ ಮೊಣಕಾಲು ಈ ಮಾತನ್ನ ಒಪ್ಪುತ್ತೆ. ಮೇಲೆ ಊರಬಾಗಿಲ ಪಕ್ಕದಲ್ಲಿ ಆಳೆತ್ತರದ ಒಂದು ಬಂಡೆ ಇದೆ, ಅದರ ಮೇಲೆ ಏಳು ಅಕ್ಷರ ಕೆತ್ತಿದೆ. ಕನ್ನಡವಲ್ಲ, ತೆಲುಗಲ್ಲ, ಇಂಗ್ಲಿಷ್ ಓದಿದ ಹುಡುಗರೂ ಅದರ ಮುಂದೆ ನಿಂತು ತಲೆ ಕೆರೆದುಕೊಳ್ತಾರೆ. ಬಾಗಿಲು ದಾಟಿ ಒಳಗೆ ಹೋದರೆ ಮೊದಲು ಸಿಕ್ಕವರು ರುಮಾಲಿಗೆ ಕೈ ಮುಟ್ಟಿಸಿ, ಹಲ್ಲು ಕಾಣೋ ಹಾಗೆ ನಕ್ಕು, "ಬೊಂಜೂರು" ಅಂತಾರೆ. ಇದು ಯಾವೂರು ಅಂತ ನೀವು ಕೇಳಿರೋದಿಲ್ಲ. ಎರಡನೆಯವರೂ ಹಾಗೇ ಅಂತಾರೆ, ಮೂರನೆಯವರೂ. ಊರಿನ ಹೆಸರನ್ನ ಇಷ್ಟು ಧಾರಾಳವಾಗಿ ಹಂಚೋ ಜನ ಸುತ್ತ ಏಳು ಹೋಬಳಿಯಲ್ಲಿ ಇಲ್ಲ.

ಈ ಹೆಸರಿನ ಬಗ್ಗೆ ಹಿಂದೆ ಇಲ್ಲಿನ ಸ್ಕೂಲ್ ಮೇಷ್ಟ್ರೊಬ್ಬರು ಒಂದು ವಿವರಣೆ ಬರೆದಿದ್ದರು. ಬೊಮ್ಮಜ್ಜ ಅನ್ನೋನು ಕಟ್ಟಿದ ಊರು, ಬೊಮ್ಮಜ್ಜೂರು, ಬಾಯಿಗೆ ಸಿಕ್ಕಿ ಸವೆದು ಬೊಂಜೂರು ಆಯ್ತು ಅಂತ. ಓದೋಕೆ ಚೆನ್ನಾಗೇ ಇತ್ತು. ಆದರೆ ಆ ಬೊಮ್ಮಜ್ಜನನ್ನ ಕಂಡವರು ಯಾರು? ಅವನ ಮನೆ ಎಲ್ಲಿ, ಸಮಾಧಿ ಎಲ್ಲಿ, ಹೆಂಡತಿ ಯಾರು? ಮೇಷ್ಟ್ರು ಇದಕ್ಕೆಲ್ಲ ಉತ್ತರ ಕೊಡೋ ಮೊದಲೇ ವರ್ಗವಾಗಿ ಹೋದರು. ಕಲ್ಲುಕುಟಿಗ ಸಣ್ಣೀರನ ಕಥೆ ಹಾಗಲ್ಲ. ಅವನ ಉಳಿ ಈಗಲೂ ಊರಲ್ಲಿದೆ, ಅವನು ಕೆತ್ತಿದ ಅಕ್ಷರ ಇದೆ, ಅವನ ಹೆಂಡತಿಯ ಮಾತು ಕೇಳಿ ಅವನು ಮಾಡಿದ ತಪ್ಪೂ ಅಲ್ಲೇ ಬಂಡೆ ಮೇಲಿದೆ.

ಹಿಂದೆ ಒಮ್ಮೆ, ಶ್ರೀರಂಗಪಟ್ಟಣದ ದಂಡಿನಲ್ಲಿ ಪರಂಗಿಯವರು ತೋಪು ಎರಕ ಹೊಯ್ಯುತ್ತಿದ್ದ ಕಾಲದಲ್ಲಿ, ಈ ಗುಡ್ಡದ ಮೇಲೆ ಹನ್ನೊಂದು ಮನೆ ಕಲ್ಲುಕುಟಿಗರು ಮಾತ್ರ ಇದ್ದರಂತೆ. ಊರಿಗೆ ಹೆಸರೇ ಇರಲಿಲ್ಲ. ಇಡಬಾರದು ಅಂತಲ್ಲ, ಇಟ್ಟದ್ದು ನಿಲ್ಲುತ್ತಿರಲಿಲ್ಲ. ಕಲ್ಲೂರು ಅಂದರು, ಅದೇ ಹೆಸರಿನ ಇಪ್ಪತ್ತು ಊರು ಸುತ್ತಲೂ ಇದ್ದವು. ಮೇಲೂರು ಅಂದರು, ಗುಡ್ಡದ ಬುಡದಲ್ಲಿದ್ದ ಬಂಡೆಹಟ್ಟಿಯವರು "ಹಂಗಾರೆ ನಾವೇನು ಕೀಳೂರಿನವರಾ?" ಅಂತ ಕವಣೆ ತಗೊಂಡು ಬಂದರು. ಅದೂ ಅಲ್ಲದೆ ಕಲ್ಲುಕುಟಿಗರಲ್ಲಿ ಹೆಸರಿಡೋ ಹಕ್ಕು ಯಜಮಾನನದು. ಮಗು ಹುಟ್ಟಿದರೆ ಯಜಮಾನ ಬಂದು, ಹತ್ತು ಜನರ ಎದುರಿಗೆ, ಅದರ ಕಿವಿಯಲ್ಲಿ ಮೂರು ಸಲ ಕೂಗಬೇಕು. ಮೂರನೇ ಸಲ ಕೂಗಿದ ಮೇಲೆ ಆ ಹೆಸರನ್ನ ದೇವರೂ ಬದಲಾಯಿಸೋ ಹಾಗಿಲ್ಲ. ಊರಿನ ಹೆಸರಿಗೂ ಇದೇ ಕಟ್ಟಳೆ. ಆಗ ಮೇಲಿನವರಿಗೂ ಕೆಳಗಿನವರಿಗೂ ಒಬ್ಬನೇ ಯಜಮಾನ, ಬಂಡೆಹಟ್ಟಿಯ ಓಬಯ್ಯ. ಅವನ ಗಂಟಲು ಎಷ್ಟು ದೊಡ್ಡದು ಅಂದರೆ, ಅವನು ಹೆಸರು ಕೂಗಿದ ಮಕ್ಕಳು ಒಂದು ವಾರ ನಿದ್ದೆ ಮಾಡುತ್ತಿರಲಿಲ್ಲ. ಮೇಲಿನವರನ್ನ ಕಂಡರೆ ಅವನಿಗೆ ಆಗುತ್ತಿರಲಿಲ್ಲ, ಅದಕ್ಕೇ ಅವರು ಯಾವ ಹೆಸರು ತಂದರೂ ಮೂಗು ಮುರಿದು ಕಳಿಸುತ್ತಿದ್ದ.

ಗುಡ್ಡದ ಮೇಲಿನ ಸಣ್ಣೀರ ಒಳ್ಳೇ ಕಸುಬುದಾರ. ಅವನ ಉಳಿ ಏಟಿಗೆ ಬಂಡೆ ತಾನಾಗೇ ಸರಿದು ಕೂರುತ್ತಿತ್ತು ಅಂತಾರೆ. ಅವನು ಮನಸ್ಸಿಟ್ಟದ್ದು ಓಬಯ್ಯನ ಮಗಳು ಕೆಂಚಕ್ಕನ ಮೇಲೆ. ಅವಳಿಗೂ ಒಪ್ಪಿಗೆ ಇತ್ತು. ಒಂದು ದಿನ ಸಣ್ಣೀರ ಹೊಸ ಪಂಚೆ ಉಟ್ಟುಕೊಂಡು, ಎಲೆ ಅಡಿಕೆ ಹಿಡಿದು ಬಂಡೆಹಟ್ಟಿಗೆ ಇಳಿದ.

"ಮಾವ, ಹೆಣ್ಣು ಕೇಳೋಕೆ ಬಂದಿದೀನಿ."

"ಕೊಡೋಕೆ ಮುಂಚೇನೇ ಮಾವ ಅಂತೀಯಲ್ಲೋ. ಯಾವೂರು ನಿಂದು?"

"ಗೊತ್ತಲ್ಲ ಮಾವ, ಮೇಲ್ಗಡೆ."

"ಮೇಲ್ಗಡೆ ಅನ್ನೋದು ದಿಕ್ಕು ಕಣೋ, ಊರಲ್ಲ. ನಾಳೆ ನನ್ನ ಮಗಳನ್ನ ಸಂತೇಲಿ ಯಾರಾರ ನಿಲ್ಲಿಸಿ, ಯಾವೂರಿಗೆ ಕೊಟ್ಟವರಮ್ಮ ಅಂತ ಕೇಳಿದರೆ ಆಕಾಶ ತೋರಿಸಬೇಕಾ? ಸತ್ತವಳು ಅಂದ್ಕೊಂಡಾರು! ಹೋಗು, ನನ್ನ ಬಾಯಿಂದ ಮೂರು ಸಲ ಕೂಗಿಸೋ ಅಂಥ ಒಂದು ಹೆಸರು ತಗೊಂಡು ಬಾ. ಕೂಗಿದ ದಿನ ಹೆಣ್ಣು ಕೊಡ್ತೀನಿ."

ಸುತ್ತ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಸಣ್ಣೀರ ಎಲೆ ಅಡಿಕೆ ಹಿಡಿದುಕೊಂಡೇ ವಾಪಸ್ ಗುಡ್ಡ ಹತ್ತಿದ.

ಅವತ್ತು ಮೇಲೆ ದೊಣೆಯ ದಂಡೆಯಲ್ಲಿ ಒಬ್ಬ ಪರಂಗಿಯವನು ಕೂತು ನೀರು ನೋಡುತ್ತಿದ್ದ. ದೊಣೆ ಅಂದರೆ ಬಂಡೆಯಲ್ಲೇ ತೋಡಿದ ನೀರಿನ ಗುಂಡಿ. ಮಳೆ ನೀರು ಒಂದು ಸಲ ತುಂಬಿದರೆ ಬೇಸಿಗೆ ಕಳೆದರೂ ಆರೋದಿಲ್ಲ. ಆ ಪರಂಗಿಯವನು ದಂಡಿನ ತೋಪಿನವನು, ಪ್ರಾನ್ಸು ದೇಶದವನು. ಹೆಸರು ಕೇಳಿದರೆ ಮೊದಲು "ಮುಸಿಯೆ" ಅಂದು ಆಮೇಲೆ ಏನೇನೋ ಅಂದ. ಮೇಲಿನವರು ಅದನ್ನ ಮುಸಿಯ ಅಂತ ಕೇಳಿಸಿಕೊಂಡರು. ಮುಸಿಯ ಅಂದರೆ ಕಪ್ಪು ಮುಖದ ಮಂಗ, ಇವನ ಮುಖ ನೋಡಿದರೆ ಕೆಂಪಗೆ ತೊಂಡೆಹಣ್ಣು. ಒಬ್ಬ ಮುದುಕಿ "ಕೋತಿ ಅನ್ನಬೇಕಿತ್ತು, ತಪ್ಪು ಹೇಳ್ತಾನೆ ಪಾಪ" ಅಂದಳಂತೆ. ಕೊನೆಗೆ ಮರ್ಯಾದೆಗೆ ಒಂದು ಅಪ್ಪ ಸೇರಿಸಿ ಮುಸಿಯಪ್ಪ ಅಂತ ಕರೆದರು. ಅವನು ದಂಡಿನಲ್ಲಿ ಹತ್ತು ವರ್ಷ ಇದ್ದು ಕನ್ನಡ ಕಲಿತಿದ್ದ. ಆದರೆ ಅವರ ಭಾಷೆಯಲ್ಲಿ ಕಲ್ಲು, ನೀರು, ಕುರ್ಚಿ, ಮೇಜು ಎಲ್ಲಾ ಗಂಡು ಹೆಣ್ಣು ಅಂತೆ. ಅದರಿಂದ ಅವನ ಬಾಯಲ್ಲಿ ನಮ್ಮ ಕನ್ನಡ ಸ್ವಲ್ಪ ಹೆಣಗಾಡುತ್ತಿತ್ತು.

"ಸಣ್ಣೀರ, ನನ್ನ ಊರು ಇದೇ ಥರ. ಗುಡ್ಡ ಮೇಲೆ. ನೀರು ಅವಳು ಕೆಳಗೆ ಇದ್ದಾಳೆ. ನನ್ನ ಅವ್ವ ಅದು ಮೇಲೆ ಐತೆ. ಎಪ್ಪತ್ತು ವರ್ಷ. ದಿನಾ ಇಳಿತದೆ, ದಿನಾ ಹತ್ತುತದೆ. ನೀನು ಬಾ. ಒಂದು ದೊಣೆ ಮಾಡು. ಏನು ಕೇಳ್ತೀಯೋ ಕೊಡ್ತಾರೆ ನಮ್ಮ ಊರು."

ಏನು ಕೇಳಿದರೂ ಕೊಡ್ತಾರೆ ಅನ್ನೋ ಮಾತು ಸಣ್ಣೀರನ ಕಿವಿಯಲ್ಲಿ ಉಳಿ ಏಟಿನ ಹಾಗೆ ಬಿತ್ತು. ಅವನು ಕೆಂಚಕ್ಕನಿಗೆ ಹೇಳಿಕಳಿಸಿದ. ಅವಳು ಸೌದೆ ನೆಪ ಮಾಡಿಕೊಂಡು ಅರ್ಧ ಗುಡ್ಡ ಹತ್ತಿ ಬಂದಳು.

"ಮೂರು ವರ್ಷ, ಮೂರು ಹಸ್ತ ಮಳೆ ಕಾಯ್ತೀನಿ" ಅಂದಳು. "ಮೂರನೇ ಹಸ್ತ ಕಳೆದ ಮಾರನೇ ದಿನ ಅಪ್ಪ ಯಾರ ಕೈಗೆ ವೀಳ್ಯ ಕೊಟ್ಟರೂ ನಾನು ಸುಮ್ಮನಿರ್ತೀನಿ. ನೀನು ಮೀನಿನ ಹೊಟ್ಟೆಯೊಳಗೆ ಇದ್ದರೂ ನಂಗೆ ಗೊತ್ತಾಗಲ್ಲ, ನೋಡು."

"ಬರ್ತೀನಿ."

"ಬರೋದು ದೊಡ್ಡದಲ್ಲ. ಹೆಸರು ಮರೀಬೇಡ. ನೀನು ಸಂತೆಗೆ ಹೋದರೆ ಉಪ್ಪು ಮರೆತು ಬರೋನು."

ಹಾಗೆ ಸಣ್ಣೀರ ಹೊರಟ. ಪುದುಚೇರಿಗೆ ನಡೆದು, ಅಲ್ಲಿಂದ ಹಡಗು. ಹಡಗಿನಲ್ಲಿ ಅಷ್ಟೂ ತಿಂಗಳು ಅವನಿಗೆ ವಾಂತಿ. ಯಾರು ಏನು ಮಾತಾಡಿದರು, ಯಾವ ದೇಶ ಬಂತು ಹೋಯ್ತು, ಒಂದೂ ಅವನ ತಲೆಗೆ ಹೋಗಲಿಲ್ಲ. ದಾರಿಯಲ್ಲಿ ಒಂದು ದೊಡ್ಡ ಮೀನು ಬೆನ್ನು ತುರಿಸಿಕೊಳ್ಳೋಕೆ ಹಡಗಿಗೆ ಮೈ ಉಜ್ಜಿತಂತೆ. ಎಂಟು ದಿನ ಉಜ್ಜಿತು, ಆ ಎಂಟು ದಿನದಲ್ಲಿ ಹಡಗು ಒಂದು ತಿಂಗಳ ದಾರಿ ಸಾಗಿತು. ಇಲ್ಲದೆ ಹೋಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ದಡ ಸೇರಿದ ಮೇಲೆ ಮುಸಿಯಪ್ಪ ಅವನನ್ನ ಹುಲ್ಲಿನ ಗಾಡಿಯಲ್ಲಿ ಮಲಗಿಸಿ, ಮೇಲೆ ಕಂಬಳಿ ಹೊದಿಸಿ ಸಾಗಿಸಿದ. ಸಣ್ಣೀರ ಕಣ್ಣು ಬಿಟ್ಟಾಗ ಗಾಡಿ ಒಂದು ಗುಡ್ಡದ ಬುಡದಲ್ಲಿ ನಿಂತಿತ್ತು.

ತಲೆ ಎತ್ತಿ ನೋಡಿದ. ಮನೆಗೇ ವಾಪಸ್ ಬಂದುಬಿಟ್ಟೆನಾ ಅನ್ನಿಸಿತು. ಅದೇ ಥರ ಗುಡ್ಡದ ನೆತ್ತಿ ಮೇಲೆ ಒತ್ತಿಕೊಂಡ ಕಲ್ಲಿನ ಮನೆಗಳು, ಸುತ್ತ ಒಂದು ಕೋಟೆಗೋಡೆ, ಒಂದೇ ಬಾಗಿಲು, ನಡುವೆ ಗಂಟೆ ತೂಗುಹಾಕಿದ ಒಂದು ಗೋಪುರ. ಕಲ್ಲು ಮಾತ್ರ ಬೇರೆ, ಹೊಸ ಬೆಲ್ಲದ ಬಣ್ಣದ್ದು. ಇಳಿಬಿಸಿಲು ಬಿದ್ದಾಗ ಇಡೀ ಊರು ಈಗತಾನೇ ಅಚ್ಚಿನಿಂದ ತೆಗೆದಿಟ್ಟ ಹಾಗೆ ಕಾಣುತ್ತಿತ್ತು. ಕಿಟಕಿಗಳಲ್ಲಿ ಹೂವು, ಗೋಡೆಗಳ ಮೇಲೆ ದ್ರಾಕ್ಷಿ ಬಳ್ಳಿ. ಬೀದಿಗಳು ಎಷ್ಟು ಇಳಿಜಾರು ಅಂದರೆ, ಕೋಳಿ ಮೊಟ್ಟೆ ಇಟ್ಟರೆ ಅದು ಉರುಳಿಕೊಂಡು ಊರಬಾಗಿಲು ದಾಟಿ ಕೆಳಗಿನ ಊರಿಗೆ ಹೋಗಿ ನಿಲ್ಲುತ್ತಿತ್ತು. ಕೆಳಗಿನ ಊರಿನವರು ಒಂದೇ ಒಂದು ಕೋಳಿ ಸಾಕದೆ ದಿನಾ ಮೊಟ್ಟೆ ತಿನ್ನುತ್ತಿದ್ದರಂತೆ. ಅಲ್ಲೂ ಮೇಲಿನವರಿಗೂ ಕೆಳಗಿನವರಿಗೂ ಮಾತಿರಲಿಲ್ಲ ಅಂತ ತಿಳಿದು ಸಣ್ಣೀರನಿಗೆ ತುಂಬಾ ಸಮಾಧಾನ ಆಯ್ತು.

ಊರಬಾಗಿಲಲ್ಲಿ ಒಬ್ಬ ಮುದುಕ ಎದುರಾದ. ತಲೆಮೇಲಿನ ಟೊಪ್ಪಿಗೆ ತೆಗೆದು, ನಕ್ಕು, "ಬೊಂಜೂರ್" ಅಂದ. ಅವನ ಹಿಂದೆ ಒಬ್ಬ ಹೆಂಗಸು ಮೂಟೆ ಹೊತ್ತುಕೊಂಡೇ "ಬೊಂಜೂರ್" ಅಂದಳು. ಕಿಟಕಿಯಿಂದ ಒಬ್ಬ, ಬಾವಿಕಟ್ಟೆಯಿಂದ ಇಬ್ಬರು, ಒಂದು ಕೂಸು ಸಹ ತೊದಲಿ "ಬೊಂಜೂ" ಅಂತು. ಸಣ್ಣೀರ ಅಲ್ಲೇ ನಿಂತುಬಿಟ್ಟ. ಬೊಂಜೂರು! ತನ್ನ ಊರಿನಲ್ಲಿ ಯಾರಾದರೂ ಯಾವೂರು ಅಂತ ಕೇಳಿದರೆ ತಲೆ ತಗ್ಗಿಸಬೇಕು. ಈ ಜನ ಕೇಳೋಕೆ ಮುಂಚೆಯೇ ತಮ್ಮ ಊರಿನ ಹೆಸರು ಹೇಳ್ತಾರೆ, ಟೊಪ್ಪಿಗೆ ತೆಗೆದು ಹೇಳ್ತಾರೆ, ಮೂಟೆ ಹೊತ್ತವರೂ ಹೇಳ್ತಾರೆ. ಅವನ ಕಣ್ಣಲ್ಲಿ ನೀರು ಬಂತು. ಸಂಜೆಯಾದ ಮೇಲೆ ಅವರು ಬೇರೇನೋ ಒಂದು ಶಬ್ದ ಹೇಳುತ್ತಿದ್ದರು. ಅದು ಕುಡಿದವರ ನಾಲಿಗೆ ತಪ್ಪಿದ್ದಿರಬೇಕು ಅಂತ ಅವನು ಬಿಟ್ಟುಬಿಟ್ಟ.

ಮುಸಿಯಪ್ಪನ ತಾಯಿ ಬಾಗಿಲಲ್ಲೇ ನಿಂತಿದ್ದಳು. ಎಲ್ಲರೂ ಅವಳನ್ನ "ಮದಾಂ" ಅಂತ ಕರೆಯುತ್ತಿದ್ದರು. "ಮಾದಮ್ಮ!" ಅಂದ ಸಣ್ಣೀರ, "ನಮ್ಮ ಸೋದರತ್ತೆ ಹೆಸರೂ ಅದೇ." ಪಕ್ಕದ ಮನೆಯವಳೂ ಮಾದಮ್ಮ, ಎದುರು ಮನೆಯವಳೂ ಮಾದಮ್ಮ. ಹೆಂಗಸರಿಗೆಲ್ಲ ಒಂದೇ ಹೆಸರಿಟ್ಟು, ಉಳಿಸಿದ ಹೆಸರನ್ನೆಲ್ಲ ಊರಿಗೆ ಕೊಟ್ಟಿದ್ದಾರೆ ಅಂದ್ಕೊಂಡ. ಮುದುಕಿ ಅವನಿಗೆ ರೊಟ್ಟಿ ಕೊಟ್ಟಳು. ಅದು ಎಷ್ಟು ಗಟ್ಟಿ ಅಂದರೆ ಸಣ್ಣೀರ ಸೊಂಟದಿಂದ ಉಳಿ ತೆಗೆದ. ಮುದುಕಿ ಬಿದ್ದು ಬಿದ್ದು ನಕ್ಕು ರೊಟ್ಟಿಯನ್ನ ಸಾರಿನಲ್ಲಿ ಅದ್ದಿ ತೋರಿಸಿದಳು. ಆವತ್ತಿನಿಂದ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯ್ತು. ಅವಳು ಅವಳ ಭಾಷೆ, ಇವನು ಇವನ ಭಾಷೆ. ಜಗಳ ಆಡೋಕೆ ಸಾಲುವಷ್ಟು ಇಬ್ಬರಿಗೂ ಬರುತ್ತಿರಲಿಲ್ಲ.

ಕೆಲಸ ಶುರುವಾಯ್ತು. ಮೊದಲ ಏಟಿಗೇ ಸಣ್ಣೀರ "ಇದು ಕಲ್ಲಲ್ಲ, ಬೆಲ್ಲ" ಅಂದ. ನಮ್ಮ ಬಂಡೆಯಲ್ಲಿ ಒಂದು ವರ್ಷ ಹಿಡಿಯೋ ಗುಂಡಿ ಅಲ್ಲಿ ಮೂರು ತಿಂಗಳಿಗೇ ಆಯ್ತು. ಆನೆ ಕೂತು ಸ್ನಾನ ಮಾಡಬಹುದಾದಂಥ ದೊಣೆ. ಇಲ್ಲಿ ಮೊದಲನೇ ಹಸ್ತದ ಹೊತ್ತಿಗೆ ಅಲ್ಲೂ ಮಳೆ ಬಂತು, ದೊಣೆ ತುಂಬಿತು, ಊರಿನವರು ಕುಣಿದರು. ಮಾರನೇ ದಿನ ನೋಡಿದರೆ ಹನಿ ನೀರಿಲ್ಲ. ಮೆತ್ತಗಿನ ಕಲ್ಲು, ಕುಡಿದುಬಿಟ್ಟಿತ್ತು. ಮುಸಿಯಪ್ಪ ತಲೆ ಮೇಲೆ ಕೈ ಇಟ್ಟುಕೊಂಡು "ನೀರು ಓಡಿಹೋದಳು, ಸಣ್ಣೀರ, ಓಡಿಹೋದಳು" ಅಂತ ಹೆಂಡತಿ ಕಳಕೊಂಡವನ ಹಾಗೆ ಅತ್ತ. ಸಣ್ಣೀರ ಮಾತ್ರ ಹೆದರಲಿಲ್ಲ. ಗಾರೆ ಅರೆದು ಬಳಿಯಬೇಕು ಅಂದ. ಗಾರೆಗೆ ಸುಣ್ಣ ಸಿಕ್ಕಿತು, ಬೆಲ್ಲ ಸಿಗಲಿಲ್ಲ. ಬೆಲ್ಲದ ಬದಲು ದ್ರಾಕ್ಷಿರಸ ಕುದಿಸಿ ಹಾಕಿದ. ಮೊಟ್ಟೆ ಬೇಕಿತ್ತು, ಸಾವಿರ ಮೊಟ್ಟೆ. ಅಷ್ಟು ಇದ್ದದ್ದು ಕೆಳಗಿನ ಊರಿನಲ್ಲಿ. ಮಾದಮ್ಮ ತಾನೇ ಬುಟ್ಟಿ ತಗೊಂಡು ಇಳಿದು, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತು, ತಲೆತಲಾಂತರದಿಂದ ಉರುಳಿ ಹೋದ ಮೊಟ್ಟೆಗಳನ್ನ ವಾಪಸ್ ಕೇಳಿದಳಂತೆ. ಕೊಟ್ಟರಂತೆ. ಗಾರೆ ಬಳಿದ ಮೇಲೆ ಮುಂದಿನ ಮಳೆಗೆ ದೊಣೆ ತುಂಬಿತು, ನೀರು ನಿಂತಿತು. ದ್ರಾಕ್ಷಿರಸದ ಗುಣವೋ ಏನೋ, ಮೊದಲ ಒಂದು ವರ್ಷ ಆ ನೀರು ಕುಡಿದವರು ಹಾಡಿಕೊಂಡೇ ಓಡಾಡುತ್ತಿದ್ದರು ಅಂತಾರೆ.

ಆಗ ಊರಿನವರೆಲ್ಲ ಗೋಪುರದ ಮುಂದೆ ಸೇರಿದರು. ಅವರ ಪಟೇಲ, ಹೊಟ್ಟೆಯ ಅಡ್ಡಕ್ಕೆ ಬಣ್ಣದ ಪಟ್ಟಿ ಕಟ್ಟಿಕೊಂಡವನು, ಏನು ಬೇಕು ಕೇಳು ಅಂದ. ಮುಸಿಯಪ್ಪ ಕನ್ನಡಕ್ಕೆ ತಂದು ಹೇಳಿದ. ಸಣ್ಣೀರ ಎದ್ದುನಿಂತ. ಒಂದೂವರೆ ವರ್ಷದಿಂದ ಎದೆಯೊಳಗಿಟ್ಟುಕೊಂಡ ಮಾತು.

"ನಿಮ್ಮ ಊರಿನ ಹೆಸರು ಕೊಡಿ" ಅಂದ.

ಮುಸಿಯಪ್ಪ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಅವರಿಗೆ ಹೇಳಿದ. ಪಟೇಲನ ಮುಖ ಬಿಳುಚಿತು. ಎಂಟುನೂರು ವರ್ಷದ ಹೆಸರು, ಬಾಗಿಲ ಕಲ್ಲಿನ ಮೇಲೆ ಕೆತ್ತಿದ ಹೆಸರು, ಕೊಟ್ಟುಬಿಟ್ಟರೆ ನಾವು ಏನಂತ ಕರೆಸಿಕೊಳ್ಳಬೇಕು? ದೊಣೆ ಬೇಕಿದ್ದರೆ ಮುಚ್ಚಿಹೋಗಲಿ ಅಂತ ಒಬ್ಬ ಕೂಗಿದ. ಮಾತು ಕೊಟ್ಟಿದೀವಿ ಅಂತ ಇನ್ನೊಬ್ಬ ಕೂಗಿದ. ಸಣ್ಣೀರ ಗಾಬರಿಯಾಗಿ "ಪೂರ್ತಿ ಬೇಡ ಸ್ವಾಮಿ, ನೀವೂ ಇಟ್ಟುಕೊಳ್ಳಿ, ನಾವೂ ಇಟ್ಟುಕೊಳ್ತೀವಿ. ಅಷ್ಟು ದೂರದಲ್ಲಿ ಯಾರಿಗೆ ಗೊತ್ತಾಗಬೇಕು? ನೀವು ದಿನಾ ಹತ್ತು ಸಲ ಸುಮ್ಮನೆ ಬೀದಿಯಲ್ಲಿ ಚೆಲ್ಲೋದೇ ಅಲ್ವಾ, ಬೊಂಜೂರು, ಬೊಂಜೂರು ಅಂತ" ಅಂದ.

ಮುಸಿಯಪ್ಪ ಅದನ್ನೂ ಅವರಿಗೆ ಹೇಳಿದ. ಆಮೇಲೆ ನಗು ಶುರುವಾಯ್ತು ನೋಡಿ, ಗೋಪುರದ ಗಂಟೆ ತಾನಾಗೇ ಅಲ್ಲಾಡಿ ಬಾರಿಸಿತಂತೆ. ಪಟೇಲನ ಹೊಟ್ಟೆಯ ಪಟ್ಟಿ ಕಿತ್ತುಹೋಯ್ತು. ಮುಸಿಯಪ್ಪ ನಗುತ್ತಾ ನಗುತ್ತಾ ವಿವರಿಸಿದ. ಅದು ಊರಿನ ಹೆಸರಲ್ಲ, ಎದುರಾದವರಿಗೆ ಹೇಳೋ ಮಾತು. ದಿನ ಚೆನ್ನಾಗಿರಲಿ ಅಂತ ಅರ್ಥ, ಅಷ್ಟೇ. ಊರಿನ ನಿಜವಾದ ಹೆಸರು ಬೇರೆ ಇದೆ ಅಂತ ಅದನ್ನೂ ಹೇಳಿದ. ಅದು ನಾಲಿಗೆಯನ್ನ ಮೂರು ಕಡೆ ಮಡಚಿದರೆ ಮಾತ್ರ ಹೊರಡೋ ಅಂಥದ್ದು, ಸಣ್ಣೀರನ ಬಾಯಲ್ಲಿ ನಾಲ್ಕು ಹೆಜ್ಜೆಯೂ ನಿಲ್ಲಲಿಲ್ಲ.

ನಗದೆ ಇದ್ದವನು ಅವನೊಬ್ಬನೇ. ಹೋಗಿ ದೊಣೆಯ ದಂಡೆಯಲ್ಲಿ ಕೂತ. ಏಳು ಸಮುದ್ರ ದಾಟಿ ಬಂದದ್ದು ಒಂದು ಹೆಸರಿಗೆ. ಸಿಕ್ಕಿತು ಅಂದ್ಕೊಂಡದ್ದು ಹೆಸರೇ ಅಲ್ಲ. ಎರಡು ಹಸ್ತ ಕಳೆದುಹೋಗಿತ್ತು. ಈಗ ಬರಿಗೈಯಲ್ಲಿ ಹೋದರೆ ಓಬಯ್ಯ ಯಾವೂರು ಅಂತ ಕೇಳ್ತಾನೆ, ತಾನು ಮತ್ತೆ ಆಕಾಶ ತೋರಿಸಬೇಕು. ಕೆಂಚಕ್ಕ ಬೇರೆಯವರ ಹಟ್ಟಿಗೆ ಹೋಗ್ತಾಳೆ. ಉಪ್ಪು ಮರೆತು ಬರೋನು ಅಂದಿದ್ದಳಲ್ಲ.

ಮಾದಮ್ಮ ನಿಧಾನವಾಗಿ ಬಂದು ಪಕ್ಕದಲ್ಲಿ ಕೂತಳು. ಮಗನಿಂದ ವಿಷಯವೆಲ್ಲ ತಿಳಿದುಕೊಂಡಳು. ಹೆಣ್ಣಿನ ಕಥೆ ಕೇಳಿ "ಅಷ್ಟೇನಾ?" ಅನ್ನೋ ಹಾಗೆ ಕೈ ಆಡಿಸಿದಳು. ಆಮೇಲೆ ಹೇಳಿದ್ದನ್ನ ಮುಸಿಯಪ್ಪ ತನ್ನ ಕನ್ನಡದಲ್ಲಿ ಹೇಳಿದ:

"ಅವ್ವ ಹೇಳ್ತದೆ, ಬಾಗಿಲ ಮೇಲೆ ಕೆತ್ತಿದ ಹೆಸರು ಅವಳನ್ನ ನಾನು ವರ್ಷಕ್ಕೆ ಒಂದು ಸಲ ಸಹ ಬಾಯಲ್ಲಿ ಹೇಳಿಲ್ಲ. ಬೊಂಜೂರ್ ದಿನಾ ಹೇಳಿದೀನಿ, ಎಪ್ಪತ್ತು ವರ್ಷ. ಅವನು ತಪ್ಪು ಕೇಳಿಸ್ಕೊಂಡಿಲ್ಲ, ಸರಿಯಾಗೇ ಕೇಳಿಸ್ಕೊಂಡಿದಾನೆ. ತಗೊಂಡು ಹೋಗಲಿ. ಆದರೆ ನಕ್ಕು ಹೇಳಬೇಕು. ನಗದೆ ಹೇಳಿದರೆ ಅದು ಕೆಲಸ ಮಾಡಲ್ಲ."

ಹಾಗೆ ಹೇಳಿ ಮುದುಕಿ ಒಲೆಯ ಇದ್ದಿಲು ತಗೊಂಡು, ತನ್ನ ತಲೆವಸ್ತ್ರದ ಮೇಲೆ ಏಳು ಅಕ್ಷರ ಬರೆದು ಕೊಟ್ಟಳು. ಸಣ್ಣೀರ ಅದನ್ನ ರುಮಾಲಿನ ಒಳಮಡಿಕೆಯಲ್ಲಿ ಇಟ್ಟುಕೊಂಡ. ಹೊರಡೋವಾಗ ಅವಳು ಊರಬಾಗಿಲ ತನಕ ಬಂದಳು. ಅವನು ರುಮಾಲಿಗೆ ಕೈ ಮುಟ್ಟಿಸಿ, ನಕ್ಕು, "ಬೊಂಜೂರು, ಮಾದಮ್ಮ" ಅಂದ. ಮುದುಕಿ ಕಣ್ಣು ಒರೆಸಿಕೊಂಡಳು. ಆ ಊರಿನಲ್ಲಿ ಹೊರಟವರಿಗೆ ಅದನ್ನ ಹೇಳೋ ರೂಢಿ ಇಲ್ಲವಂತೆ. ಬಂದವರಿಗೆ ಮಾತ್ರ.

ಅವನು ಬಂಡೆಹಟ್ಟಿ ಮುಟ್ಟಿದ್ದು ಮೂರನೇ ಹಸ್ತದ ಕೊನೇ ದಿನ. ಓಬಯ್ಯ ಹುಷಾರಿನ ಮನುಷ್ಯ, ಮಾರನೇ ದಿನಕ್ಕೆ ಕಾಯದೆ ಅವತ್ತೇ ವೀಳ್ಯಕ್ಕೆ ಜನ ಕೂಡಿಸಿದ್ದ. ಮಳೆ ತೊಟ್ಟಿಕ್ಕುತ್ತಿತ್ತು. ತಟ್ಟೆಯಲ್ಲಿ ಎಲೆ ಅಡಿಕೆ ಇತ್ತು. ಕೆಂಚಕ್ಕ ಒಳಗೆ ಕೂತು, "ಇನ್ನೂ ಹನಿ ಬೀಳ್ತಾ ಐತೆ, ಹಸ್ತ ಮುಗಿದಿಲ್ಲ" ಅಂತ ಹೊರಗೆ ಬರದೆ ಹಟ ಹಿಡಿದಿದ್ದಳು. ಸಣ್ಣೀರ ಕೆಸರುಗಾಲಿನಲ್ಲಿ ಬಂದು ಸಭೆಯ ನಡುವೆ ನಿಂತ.

ಓಬಯ್ಯ ಅವನನ್ನ ಮೇಲಿಂದ ಕೆಳಗೆ ನೋಡಿದ. ನೆರೆದವರ ಕಡೆ ಕಣ್ಣು ಹೊಡೆದು, "ಓಹೋ, ಬಂದರಾ? ಯಾವೂರಪ್ಪಾ ತಮ್ಮದು?" ಅಂದ.

ಸಣ್ಣೀರ ರುಮಾಲಿಗೆ ಕೈ ಮುಟ್ಟಿಸಿದ, ನಕ್ಕ. "ಬೊಂಜೂರು" ಅಂದ.

"ಏನಂದೆ?"

"ಬೊಂಜೂರು ಮಾವ. ಮೇಲಿನ ಊರು."

ಓಬಯ್ಯನಿಗೆ ಪಿತ್ತ ನೆತ್ತಿಗೇರಿತು. ತನ್ನ ಆ ಗಂಟಲು ತೆಗೆದು, ಗುಡ್ಡ ಮಾರ್ದನಿಸೋ ಹಾಗೆ ಕೂಗಿದ: "ಬೊಂಜೂರಂತೆ ಬೊಂಜೂರು! ಯಾವ ಸೀಮೆ ಬೊಂಜೂರಯ್ಯ ಇದು!"

ಒಳಗಿನಿಂದ ಕೆಂಚಕ್ಕನ ದನಿ ಬಂತು: "ಅಪ್ಪಾ. ಮೂರು ಸಲ ಆಯ್ತು."

ಹತ್ತು ಜನರ ಎದುರಿಗೆ, ಯಜಮಾನನ ಬಾಯಲ್ಲಿ, ಮೂರು ಸಲ. ಒಬ್ಬ ಮುದುಕ ಬೆರಳು ಮಡಚಿ ಎಣಿಸಿ "ಹೌದು ಕಣಪ್ಪಾ, ಮೂರು" ಅಂದ. ಓಬಯ್ಯ ಬೇರೆ ದಾರಿ ಕಾಣದೆ ಕೇಳಿದ: "ಅರ್ಥವಾದರೂ ಏನು ಅದು?"

"ದಿನ ಚೆನ್ನಾಗಿರಲಿ ಅಂತ, ಮಾವ."

ಓಬಯ್ಯ ಲೆಕ್ಕ ಹಾಕಿದ. "ಹಂಗಾರೆ ನಾನು ನಿಮ್ಮ ಊರಿನ ಹೆಸರು ಹಿಡಿದು ಬೈದರೂ ನಿಮಗೆ ಒಳ್ಳೇದೇ ಆಗುತ್ತೆ ಅನ್ನು!" ಅಂದ. "ಹೌದು ಮಾವ." "ಥೂ, ಎಂಥ ಕಿಲಾಡಿ ಹೆಸರು ತಂದೆಯೋ" ಅಂತ ತಾನೇ ನಕ್ಕುಬಿಟ್ಟ. ವೀಳ್ಯದ ತಟ್ಟೆ ಅಲ್ಲೇ ಇತ್ತು. ದಿಕ್ಕು ತಿರುಗಿಸಿದರು ಅಷ್ಟೇ. ಬಂದಿದ್ದ ಇನ್ನೊಬ್ಬ ಗಂಡಿಗೆ ಊಟ ಹಾಕಿ, ಅವನ ಬಾಯಿಂದಲೂ "ಬೊಂಜೂರು" ಅನ್ನಿಸಿಕೊಂಡು ಕಳಿಸಿದರು.

ಮದುವೆಯಾದ ಮೇಲೆ ಸಣ್ಣೀರ ಮಾದಮ್ಮನ ತಲೆವಸ್ತ್ರ ಬಿಡಿಸಿ ಬಂಡೆ ಮುಂದೆ ಕೂತ. ಯಾವ ಕಡೆ ಮೇಲು, ಯಾವ ಕಡೆ ಕೆಳಗು ಅನ್ನೋದು ಇಬ್ಬರಿಗೂ ಗೊತ್ತಿರಲಿಲ್ಲ. ಸಣ್ಣೀರ ಹಿಡಿದ ಹಾಗೆ ನೋಡಿದರೆ ಒಂದು ಅಕ್ಷರ ಬಾಯಿ ತೆರೆದ ಮಡಕೆಯ ಹಾಗೆ ಇತ್ತು. ಅದೇ ಸರಿ ಅಂದ್ಕೊಂಡು ಉಳಿ ಇಟ್ಟ. ಕೆಂಚಕ್ಕ ಅವನ ಕೈ ಹಿಡಿದಳು.

"ಮಡಕೆ ಅಲ್ಲ ಅದು, ಬಾಗಿಲ ಕಮಾನು. ಅವರ ಊರಿಗೆ ಬಾಗಿಲು ಇತ್ತು ಅಂದೆಯಲ್ಲ? ಕಮಾನನ್ನ ಯಾರಾದ್ರೂ ಬೆನ್ನ ಮೇಲೆ ಮಲಗಿಸ್ತಾರಾ? ಕಲ್ಲುಕುಟಿಗ ಅಂತ ಹೇಳ್ಕೊಳ್ಳೋಕ್ಕೆ ನಾಚಿಕೆ ಆಗಲ್ವಾ ನಿಂಗೆ? ತಿರುಗಿಸು."

ಸಣ್ಣೀರ ಯೋಚಿಸಿದ. ಕಮಾನನ್ನ ತಲೆಕೆಳಗೆ ಕಟ್ಟೋ ಕಸುಬುದಾರ ಯಾರೂ ಇಲ್ಲ, ಅದು ನಿಜ. ಬಟ್ಟೆ ತಿರುಗಿಸಿದ, ಕೆತ್ತಿದ. ಏಳು ಅಕ್ಷರವೂ ತಲೆಕೆಳಗಾಗಿ ನಿಂತವು. ಆವತ್ತಿನಿಂದ ಇವತ್ತಿನ ತನಕ ಹಾಗೇ ಇವೆ. ನಡುವೆ ಒಂದು ಸಲ ಯಾರೋ ದೊಡ್ಡವರು ಬಂದು, ಇದು ತಪ್ಪು, ಬಂಡೆ ತಿರುಗಿಸಿ ನಿಲ್ಲಿಸೋಣ ಅಂದರಂತೆ. ಊರಿನವರು ಒಪ್ಪಲಿಲ್ಲ. ಕಮಾನು ಮೇಲಕ್ಕೇ ಇರಬೇಕು ಅಂದರು.

ಹಾಗಾಗಿ ಬೊಂಜೂರಿಗೆ ಹೋದವರು ಆ ಬಂಡೆಯ ಬರಹ ಓದಬೇಕು ಅಂದರೆ ಒಂದೇ ದಾರಿ. ಬಂಡೆಗೆ ಬೆನ್ನು ಹಾಕಿ ನಿಂತು, ಸೊಂಟ ಬಗ್ಗಿಸಿ, ತಮ್ಮ ಎರಡು ಕಾಲುಗಳ ನಡುವಿನಿಂದ ನೋಡಬೇಕು. ತಹಸೀಲ್ದಾರರು ಹಾಗೇ ಓದಿದ್ದಾರೆ, ಎಂಎಲ್‌ಎಗಳೂ ಹಾಗೇ ಓದಿದ್ದಾರೆ. ದೊಣೆಯಲ್ಲಿ ಈಗಲೂ ನೀರಿದೆ. ಮನೆಗಳ ಮುಂದೆ ಸಾಲಾಗಿ ಮುದುಕರು ಕೂತಿರ್ತಾರೆ. ಕೋಳಿಗಳು ಮಾತ್ರ ಇಲ್ಲಿ ಬುಟ್ಟಿಯಲ್ಲೇ ಮೊಟ್ಟೆ ಇಡುತ್ತವೆ, ಬಂಡೆಹಟ್ಟಿಯವರ ಮೇಲೆ ಅಷ್ಟೊಂದು ನಂಬಿಕೆ ಯಾರಿಗೂ ಇಲ್ಲ.

ಹೋದ ಮಾಗಿಯಲ್ಲಿ ಗಂಡ ಹೆಂಡತಿ ಇಬ್ಬರು ಬೆಳ್ಳಗಿನವರು, ತಲೆಗೂದಲೂ ಬೆಳ್ಳಗಾದವರು, ಕೋಟೆ ಕೊತ್ತಲ ನೋಡುತ್ತಾ ದಾರಿ ತಪ್ಪಿ ಈ ಗುಡ್ಡ ಹತ್ತಿ ಬಂದರು. ಪ್ರಾನ್ಸು ದೇಶದವರಂತೆ. ಹೆಂಗಸು ಬಂಡೆ ನೋಡಿದಳು, ಕತ್ತು ಓರೆ ಮಾಡಿದಳು, ಸಾಲದೆ ಕ್ಯಾಮೆರಾ ಗಂಡನ ಕೈಗೆ ಕೊಟ್ಟು, ತಿರುಗಿ ನಿಂತು ಬಗ್ಗಿ ಕಾಲ ಸಂದಿಯಿಂದ ನೋಡಿದಳು. ಹಾಗೇ ಬಗ್ಗಿಕೊಂಡೇ ಒಂದು ಕೂಗು ಹಾಕಿದಳು. ಎದ್ದು ನಿಂತಾಗ ಮುಖವೆಲ್ಲ ಕೆಂಪು, ಕಣ್ಣಲ್ಲಿ ನೀರು, ನಗು ಬೇರೆ. ಎದುರು ಜಗುಲಿಯಲ್ಲಿ ಕೆಂಚಕ್ಕನ ವಂಶದ ಈರಜ್ಜಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ರೂಢಿಯ ಹಾಗೆ ಸೆರಗಿಗೆ ಕೈ ಮುಟ್ಟಿಸಿ, ಬೊಚ್ಚುಬಾಯಿ ಅಗಲಿಸಿ, "ಬೊಂಜೂರು" ಅಂದಳು.

"ಬೊಂಜೂರ್, ಮದಾಂ!" ಅಂದರು ಇಬ್ಬರೂ ಒಟ್ಟಿಗೆ.

ಈರಜ್ಜಿ ಸೊಸೆಯ ಕಡೆ ತಿರುಗಿ, "ನೋಡಿದೇನೇ" ಅಂದಳು, "ಅಷ್ಟು ದೂರದಿಂದ ಬಂದೋರಿಗೂ ನಮ್ಮೂರಿನ ಹೆಸರು ಬಾಯಿಪಾಠ. ಬಂಡೆಹಟ್ಟಿ ಹೆಸರು ಗೊತ್ತೈತಾ ಅಂತ ಒಂದು ಕೇಳು, ನೋಡಾನ."